ಒಲೆಯ ಉರಿಗೂ ಒಂದು ತಕ್ಕಡಿಯುಂಟು

ಮಲೆನಾಡಿನ ಸೆರಗು ಬಯಲುಸೀಮೆಗೆ ತಾಗುವ ಹಾನಗಲ್ಲು ತಾಲ್ಲೂಕಿನ ಹಳ್ಳಿಗಳಲ್ಲಿ ಆಷಾಢ ಶ್ರಾವಣಗಳ ಜಿಟಿಮಳೆ ಹಿಡಿದುಕೊಂಡಿತೆಂದರೆ, ಹಿತ್ತಲಲ್ಲಿ ಒಟ್ಟಿದ ಕಟ್ಟಿಗೆ ತೊಯ್ದು, ಕುಳ್ಳು ಹಸಿಯಾಗಿ, ಬಚ್ಚಲ ಹಂಡೆಯ ಕೆಳಗೆ ಉರಿಗಿಂತ ಹೊಗೆಯೇ ಹೆಚ್ಚಾಗುತ್ತದೆ. ಸವಣೂರು ಶಿಗ್ಗಾಂವಿಗಳ ಎರೆಭೂಮಿಯ ಹತ್ತಿಕಟ್ಟಿಗೆಯೂ ಹಿರೇಕೆರೂರಿನ ಗೋವಿನಜೋಳದ ಬೆಂಡೂ ಸುಗ್ಗಿಯ ಸಂಗಾತಿಗಳೇ ಹೊರತು ಮಳೆಗಾಲದವರೆಗೆ ಉಳಿದು ಬರುವ ಸಂಪತ್ತಲ್ಲ. ಆದುದರಿಂದ, ಕೂಸಿಗೆ ಎರೆಯುವ ನೀರಿಗಾಗಲಿ ಬಾಣಂತಿಯ ಪಥ್ಯಕ್ಕಾಗಲಿ ಬಿಸಿ ಬೇಕಾದ ದಿನಗಳಲ್ಲಿಯೇ ಮನೆಯವರ ದೃಷ್ಟಿ ಗ್ಯಾಸಿನ ಸಿಲಿಂಡರಿನ ಕಡೆಗೆ ಹೊರಳುತ್ತದೆ. ಅದು ಬರುವುದು ತಡವಾದರೂ, ತೂಕದಲ್ಲಿ ಕಡಿಮೆಯಾದರೂ, ತೊಂದರೆ ಮೊದಲು ತಾಗುವುದು ಅಡುಗೆಮನೆಯ ಹೆಂಗಸಿಗೆ.

ಅಂಥದೊಂದು ಶ್ರಾವಣದಲ್ಲಿ ಈ ಭಾಗದ ಒಂದು ಹಳ್ಳಿಯ ಬಂಧುಗಳ ಮನೆಯಲ್ಲಿದ್ದಾಗ ಕಂಡದ್ದನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಸಿಲಿಂಡರಿನ ಗಾಡಿ ಊರೊಳಕ್ಕೆ ಬರದೆ ದೊಡ್ಡ ರಸ್ತೆಯ ಕೂಡಿನಲ್ಲಿಯೇ ನಿಲ್ಲುತ್ತಿದ್ದುದರಿಂದ, ಮನೆಯ ಹಿರಿಯಾಕೆ ಖಾಲಿ ಸಿಲಿಂಡರನ್ನು ಸೈಕಲ್ಲಿನ ಹಿಂಬದಿಗೆ ಕಟ್ಟಿಸಿಕೊಂಡು ಹೋಗಿ, ಮಳೆಯಲ್ಲಿ ಒಂದು ತಾಸು ಕಾದು, ನಿಗದಿಯಾದ ಬೆಲೆಗಿಂತ ಹೆಚ್ಚನ್ನು ತೆತ್ತು, ರಶೀದಿಯಿಲ್ಲದೆ ಮರಳಿದಳು. ಸಿಲಿಂಡರಿನ ಕೊರಳಪಟ್ಟಿಯ ಮೇಲೆ ಖಾಲಿ ತೂಕ 15.3 ಕೆ.ಜಿ. ಎಂದು ಕೊರೆದಿತ್ತು, ಅದಕ್ಕೆ ಒಳಗಿರಬೇಕಾದ 14.2 ಕೆ.ಜಿ. ಅನಿಲವನ್ನು ಕೂಡಿಸಿದರೆ 29.5 ಆಗಬೇಕು. ಪಕ್ಕದ ಕಾಳುಕಡಿಯ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದಾಗ ಅದು 28ನ್ನು ದಾಟಿ ಅಲ್ಲಿಯೇ ನಿಂತುಬಿಟ್ಟಿತು. ಕೇಳಬಾರದಿತ್ತೆ ಎಂದುದಕ್ಕೆ ಆಕೆ ಹೇಳಿದ ಮಾತಿದು: "ತೂಕ ಮಾಡ್ರಿ ಅಂದ್ರ ಮುಂದಿನ ಸಲ ನಮ್ಮ ಪಾಳೇನ ತಪ್ಪಿಸ್ತಾರ್ರಿ. ಮಳಿಗಾಲದಾಗ ಜಗಳ ತಗದು ಒಲಿ ಹೆಂಗ ಹಚ್ಚೂದು?"

ನಮ್ಮ ಗ್ರಾಹಕ ನ್ಯಾಯದ ದೌರ್ಬಲ್ಯವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಶಾಸನಕ್ಕೆ ಕೊರತೆಯಿಲ್ಲ, ಶಾಸನವನ್ನು ನೆಚ್ಚಿ ಬಾಯಿ ತೆರೆಯುವಷ್ಟು ಧೈರ್ಯಕ್ಕೆ ಆಸರೆಯಿಲ್ಲ. ಹಣ ಕೊಟ್ಟು ಪಡೆಯತಕ್ಕ ವಸ್ತುವನ್ನು ವಿತರಕನ ಕೃಪೆಯೆಂದು ಭಾವಿಸುವ ಸ್ಥಿತಿ ಇರುವ ತನಕ, ಗ್ರಾಹಕ ಸಂರಕ್ಷಣೆಯೆಂಬುದು ಜಿಲ್ಲಾಕೇಂದ್ರವಾದ ಹಾವೇರಿಯ ಕಚೇರಿಯಲ್ಲಿರುವ ಗ್ರಂಥವಾಗಿರುವುದೇ ಹೊರತು ಹಳ್ಳಿಯ ಒಲೆಯ ಬಳಿಗೆ ಬಂದ ಬೆಳಕಾಗಲಾರದು.

ಶಾಸನವು ಹೇಳುವುದೇನೆಂಬುದನ್ನು ಸ್ಪಷ್ಟವಾಗಿ ತಿಳಿಯತಕ್ಕದ್ದು ಅವಶ್ಯ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ, ಅದರ ಸ್ಥಾನದಲ್ಲಿ 2020ರ ಜುಲೈ 20ರಂದು ಜಾರಿಗೆ ಬಂದ 2019ರ ಕಾಯ್ದೆಯೂ, 'ಸೇವೆ' ಎಂಬ ಪದದ ಅರ್ಥದೊಳಗೆ ವಿದ್ಯುತ್ತಿನ ಅಥವಾ ಇತರ ಶಕ್ತಿಯ ಪೂರೈಕೆಯನ್ನು ಹೆಸರಿಸಿಯೇ ಸೇರಿಸಿವೆ. ಹಣ ತೆತ್ತವನು ಮಾತ್ರವಲ್ಲದೆ ಅವನ ಸಮ್ಮತಿಯಿಂದ ಆ ಸೇವೆಯನ್ನು ಬಳಸುವವರೂ ಗ್ರಾಹಕರೇ ಆದುದರಿಂದ, ಸಂಪರ್ಕವು ಗಂಡನ ಹೆಸರಿನಲ್ಲಿದ್ದರೂ ಒಲೆಯ ಮುಂದೆ ನಿಲ್ಲುವ ಹೆಂಡತಿಗೆ ದೂರು ಕೊಡುವ ಅಧಿಕಾರವುಂಟು. ಹೊಸ ಸಂಪರ್ಕ ಬೇಕಾದರೆ ನಮ್ಮಲ್ಲಿಯೇ ಒಲೆ ಕೊಳ್ಳಬೇಕೆಂದು ಒತ್ತಾಯಿಸುವುದು, ಅಂದರೆ ಒಂದನ್ನು ಕೊಡಲು ಮತ್ತೊಂದನ್ನು ಕೊಳ್ಳಲೇಬೇಕೆಂಬ ಷರತ್ತನ್ನು ಹಾಕುವುದು, ಈ ಕಾಯ್ದೆಯ ದೃಷ್ಟಿಯಲ್ಲಿ ನಿರ್ಬಂಧಕ ವ್ಯಾಪಾರ ಪದ್ಧತಿ. ಇದಲ್ಲದೆ, 1955ರ ಅವಶ್ಯಕ ವಸ್ತುಗಳ ಕಾಯ್ದೆಯ ಆಧಾರದಿಂದ ಹೊರಟ, ಅಡುಗೆ ಅನಿಲದ ಪೂರೈಕೆ ಮತ್ತು ವಿತರಣೆಯನ್ನು ನಿಯಂತ್ರಿಸುವ 2000ದ ಆದೇಶವು, ದಾಸ್ತಾನನ್ನೂ ಬೆಲೆಯನ್ನೂ ಎಲ್ಲರಿಗೂ ಕಾಣುವಂತೆ ಫಲಕದಲ್ಲಿ ಬರೆಯುವ ಹೊಣೆಯನ್ನು ವಿತರಕರ ಮೇಲೆ ಹೊರಿಸಿದೆ. ಸಿಲಿಂಡರು ತರುವವನು ತಕ್ಕಡಿಯನ್ನೂ ಜೊತೆಗೆ ತಂದು, ಕೇಳಿದವರಿಗೆ ತೂಗಿ ತೋರಿಸತಕ್ಕದ್ದೆಂಬುದು ತೈಲ ಕಂಪನಿಗಳೇ ವಿಧಿಸಿರುವ ನಿಯಮ. ಹೀಗಿರುವಲ್ಲಿ ತೂಕ ಕೇಳುವುದು ಜಗಳವಲ್ಲ, ಅದು ವ್ಯವಹಾರದ ಸಹಜ ಕ್ರಮ. ಸಂತೆಯಲ್ಲಿ ಒಂದು ಕಿಲೋ ಮೆಣಸಿನಕಾಯಿ ಕೊಳ್ಳುವಾಗ ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಡುವ ನಾವು, ಅದಕ್ಕಿಂತ ಹಲವು ಪಾಲು ಬೆಲೆಯ ಸಿಲಿಂಡರನ್ನು ಕಣ್ಣುಮುಚ್ಚಿ ಒಳಗೆ ತೆಗೆದುಕೊಳ್ಳುತ್ತೇವೆ.

2016ರ ಮೇ 1ರಂದು ಉತ್ತರ ಪ್ರದೇಶದ ಬಲ್ಲಿಯಾದಲ್ಲಿ ಆರಂಭವಾದ ಕೇಂದ್ರದ ಉಜ್ವಲಾ ಯೋಜನೆಯೂ, ಮರುವರ್ಷ ರಾಜ್ಯವು ಘೋಷಿಸಿದ ಅನಿಲಭಾಗ್ಯವೂ ಬಡವರ ಮನೆಗೆ ಸಿಲಿಂಡರನ್ನು ತಂದುವೆಂಬುದು ನಿಸ್ಸಂಶಯವಾಗಿ ಸ್ತುತ್ಯವಾದ ಕಾರ್ಯ. ಆದರೆ ಸಂಪರ್ಕವು ಸರ್ಕಾರದ ಕೊಡುಗೆಯಾದರೆ, ಮುಂದೆ ತುಂಬಿಸುವ ಸಿಲಿಂಡರುಗಳು ಕೂಲಿಯ ದುಡ್ಡಿನಿಂದ ಕೊಳ್ಳತಕ್ಕವು. ಶಾಸನದ ರಕ್ಷಣೆ ಬೇಕಾಗುವುದೂ ಆಗಲೇ. ವಿತರಕನನ್ನು ಬದಲಿಸಿಕೊಳ್ಳುವ ಅವಕಾಶವು ದೇಶದಲ್ಲಿ 2014ರಿಂದ ಇದ್ದರೂ, ಇಡೀ ಹೋಬಳಿಗೆ ಒಬ್ಬನೇ ವಿತರಕನಿರುವಲ್ಲಿ ಆ ಸ್ವಾತಂತ್ರ್ಯವು ಬಾವಿಯಿಲ್ಲದ ಊರಿನ ಹಗ್ಗದಂತೆ ನಿಷ್ಪ್ರಯೋಜಕ. ಇನ್ನು ಋತುವಿನ ವಿಷಯಕ್ಕೆ ಬಂದರೆ, ಚಳಿಯ ದೇಶವಾದ ಫ್ರಾನ್ಸಿನಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ, ಹಣ ಬಾಕಿಯಿದೆಯೆಂಬ ಕಾರಣಕ್ಕೆ ಮನೆಯ ಅನಿಲ ಸಂಪರ್ಕವನ್ನು ಕಡಿಯಲಾಗದೆಂದು ಶಾಸನವೇ ತಡೆದಿದೆ. ಋತುವಿನ ಕಾಠಿಣ್ಯವನ್ನು ಅಲ್ಲಿಯ ಶಾಸನವು ಗಣಿಸುವಂತೆ, ನಮ್ಮ ಆಡಳಿತವೂ ಮಳೆಗಾಲದ ವಿತರಣೆಯನ್ನು ವಿಶೇಷವಾಗಿ ಕಾಯುವುದು ಯುಕ್ತವಲ್ಲವೆ?

ಇಷ್ಟರಿಂದ ಗಾಡಿಯ ಹುಡುಗನನ್ನೇ ಕಳ್ಳನೆಂದು ಕರೆಯುವುದು ಅನ್ಯಾಯ. ಕೆಸರಿನ ರಸ್ತೆಯಲ್ಲಿ ದಿನವಿಡೀ ಭಾರ ಹೊರುವ ಆತನಿಗೆ ತಕ್ಕ ಸಂಬಳ ಕೊಡುವ ಹೊಣೆ ವಿತರಕನದು; ಆ ಹೊಣೆಯಿಂದ ಆತ ನುಣುಚಿಕೊಂಡರೆ ಭಾರ ಗ್ರಾಹಕನ ಹೆಗಲಿಗೆ ಬೀಳುತ್ತದೆ. ಇದನ್ನು ಸರಿಪಡಿಸುವುದಕ್ಕೆ ಹೊಸ ಕಾಯ್ದೆ ಬೇಡ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ತಹಶೀಲ್ದಾರರೂ ಆಹಾರ ನಿರೀಕ್ಷಕರೂ ತಿಂಗಳಿಗೊಮ್ಮೆ ಮುನ್ಸೂಚನೆಯಿಲ್ಲದೆ ಗಾಡಿಯನ್ನು ನಿಲ್ಲಿಸಿ ತೂಗಿಸಲಿ; ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಆ ತಿಂಗಳ ಬೆಲೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಿಸಲಿ; ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗವು ಮೂರು ತಿಂಗಳಿಗೊಮ್ಮೆಯಾದರೂ ತಾಲ್ಲೂಕು ಸ್ಥಳಗಳಿಗೆ ಬಂದು ಕುಳಿತು ದೂರುಗಳನ್ನು ಆಲಿಸಲಿ. ಹಾವೇರಿಗೆ ಹೋಗಿಬರುವುದೆಂದರೆ ಹಿರೇಕೆರೂರಿನ ಕೂಲಿಯವಳಿಗೆ ಬಸ್ಸಿನ ದುಡ್ಡಿನ ಜೊತೆಗೆ ಒಂದು ದಿನದ ದುಡಿಮೆಯೂ ಹೋದಂತೆ ಎಂಬುದನ್ನು ನ್ಯಾಯಪೀಠವು ಮರೆಯಲಾಗದು.

ಅಲ್ಲಿಯ ತನಕ ಓದುಗರು ಕೈಕಟ್ಟಿ ಕೂಡಬೇಕಾಗಿಲ್ಲ. 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಆಯೋಗದಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂಬ ಕಡ್ಡಾಯವಿಲ್ಲ. ಘಟನೆ ನಡೆದು ಎರಡು ವರ್ಷಗಳೊಳಗೆ, ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಮೊದಲು ವಿಚಾರಿಸಬೇಕಾದರೆ ಗ್ರಾಹಕ ಸಹಾಯವಾಣಿ 1915 ಇದೆ. ಅನಿಲ ಸೋರಿದ ವಾಸನೆ ಬಂದರೆ 1906ಕ್ಕೆ ಯಾವ ಹೊತ್ತಿನಲ್ಲಿಯೂ ಕರೆ ಮಾಡಬಹುದು. ಒಬ್ಬಳೇ ಕೇಳಿದರೆ ಪಾಳಿ ತಪ್ಪೀತೆಂಬ ಅಂಜಿಕೆ ಸಹಜ. ಆದರೆ ಓಣಿಯ ಹತ್ತು ಮಂದಿ ಹೆಂಗಸರು ಒಟ್ಟಾಗಿ ಗಾಡಿಯ ಬಳಿ ನಿಂತು ರಶೀದಿಯನ್ನೂ ತೂಕವನ್ನೂ ಕೇಳಿದರೆ ಹತ್ತು ಪಾಳಿಗಳನ್ನು ತಪ್ಪಿಸುವ ಧೈರ್ಯ ಯಾರಿಗೂ ಬರಲಾರದು. ಮುಂದಿನ ಸಿಲಿಂಡರು ಬಂದಾಗ ಕೊರಳಪಟ್ಟಿಯ ಅಂಕಿಯನ್ನು ಓದಿರಿ, ಅದಕ್ಕೆ 14.2 ಕೂಡಿಸಿರಿ, ತಕ್ಕಡಿಯನ್ನು ತರಿಸಿರಿ.