ಡ್ರ್ಯಾಗನ್ ಮೇಲೆ ಭಕ್ತಿ, ಪಕ್ಕದೂರಿನ ಮೇಲೆ ಗುಮಾನಿ

ಕಾರ್ಟೂನ್ ಸಿನಿಮಾ ಅಂದರೆ ಮಕ್ಕಳ ಕೈಗೆ ಮೊಬೈಲ್ ಕೊಟ್ಟು ನಾವು ಬೇರೆ ಕೆಲಸಕ್ಕೆ ಎದ್ದು ಹೋಗುತ್ತೇವೆ. ಡಿಸ್ನಿಯವರು 2021ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ ‘ರಾಯಾ ಅಂಡ್ ದಿ ಲಾಸ್ಟ್ ಡ್ರ್ಯಾಗನ್’ ಸಿನಿಮಾವನ್ನು ಮಾತ್ರ ದೊಡ್ಡವರೂ ಕೂತು ನೋಡಬೇಕು ಅನ್ನುವುದು ನಮ್ಮ ಅಭಿಪ್ರಾಯ. ನಾಯಕಿ ರಾಯಾಗಿಂತ ಅವಳ ಎದುರಾಳಿ ನಮಾರಿಯನ್ನು ನೋಡಲಿಕ್ಕಾಗಿ. ಕೊನೆಯಲ್ಲಿ ಏನಾಗುತ್ತದೆ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇವೆ. ಅದನ್ನು ಮುಚ್ಚಿಟ್ಟುಕೊಂಡು ನಮಾರಿಯ ಬಗ್ಗೆ ಮಾತಾಡಲು ಆಗುವುದಿಲ್ಲ.

ಕಥೆ ನಡೆಯುವುದು ಕುಮಂದ್ರ ಎಂಬ ನಾಡಿನಲ್ಲಿ. ಆಗ್ನೇಯ ಏಷ್ಯಾದ ದೇಶಗಳನ್ನು ನೋಡಿ ಕಟ್ಟಿದ ಕಲ್ಪನೆಯ ಊರು ಇದು. ಡ್ರ್ಯಾಗನ್ ಆಕಾರದ ಒಂದು ನದಿ, ಅದರ ಉದ್ದಕ್ಕೂ ಐದು ಸೀಮೆಗಳು. ಡ್ರ್ಯಾಗನ್‌ನ ಮೈಯ ಹೆಸರೇ ಅವಕ್ಕೆ: ಹೃದಯ, ಕೋರೆಹಲ್ಲು, ಬೆನ್ನು, ಉಗುರು, ಬಾಲ. 500 ವರ್ಷದ ಹಿಂದೆ ಡ್ರೂನ್ ಎಂಬ ಪಿಡುಗು ಬಂದು ಮುಟ್ಟಿದವರನ್ನೆಲ್ಲ ಕಲ್ಲು ಮಾಡುತ್ತಿತ್ತು. ಡ್ರ್ಯಾಗನ್‌ಗಳು ತಮ್ಮ ಶಕ್ತಿಯನ್ನೆಲ್ಲ ಒಂದು ಮಣಿಗೆ ಧಾರೆ ಎರೆದು, ಅದನ್ನು ಸಿಸು ಎಂಬ ಡ್ರ್ಯಾಗನ್ ಕೈಗೆ ಕೊಟ್ಟು ತಾವು ಕಲ್ಲಾದವು. ಮನುಷ್ಯರು ಉಳಿದುಕೊಂಡರು. ಉಳಿದವರು ಮಾಡಿದ ಮೊದಲ ಕೆಲಸ, ಅದೇ ಮಣಿಗಾಗಿ ಕಿತ್ತಾಡಿ ಐದು ಪಾಲಾಗಿದ್ದು. ಮಣಿ ಹೃದಯ ಸೀಮೆಯಲ್ಲಿ ಉಳಿಯಿತು. ಅವರು ಸುಖವಾಗಿರುವುದು ಆ ಮಣಿಯ ದೆಸೆಯಿಂದಲೇ ಎಂದು ಉಳಿದ ನಾಲ್ಕು ಕಡೆಯವರು ಹೊಟ್ಟೆ ಉರಿದುಕೊಂಡರು. ಇದರಲ್ಲಿ ಕಲ್ಪನೆ ಎಷ್ಟು, ನಿಜ ಎಷ್ಟು ಅಂತ ನಿಮಗೆ ನಾವು ಬಿಡಿಸಿ ಹೇಳಬೇಕಿಲ್ಲ.

ರಾಯಾಳ ಅಪ್ಪ ಬೆಂಜಾ ಹೃದಯ ಸೀಮೆಯ ಮುಖಂಡ. ರಾಜಿಯಾಗಲಿ ಎಂದು ಐದೂ ಕಡೆಯವರನ್ನು ಊಟಕ್ಕೆ ಕರೆಯುತ್ತಾನೆ. ಆಗ ಕೋರೆಹಲ್ಲು ಸೀಮೆಯ ಒಡತಿ ವಿರಾನಾಳ ಮಗಳು ನಮಾರಿ, ರಾಯಾಳ ಜೊತೆ ಎಲೆ ಮುಂದೆ ಕೂರುತ್ತಾಳೆ. ಇಬ್ಬರಿಗೂ ಡ್ರ್ಯಾಗನ್ ಅಂದರೆ ಹುಚ್ಚು. ನಡುವೆ ಹುಡುಗಿ ಒಂದು ಮಾತು ಆಡುತ್ತಾಳೆ: ಅನ್ನ ತಿಂದು ತುಂಬಾ ದಿನ ಆಯಿತು, ನಮ್ಮೂರು ಹೊರಗೆ ನೋಡಲಷ್ಟೇ ಚಂದ. ಸಿನಿಮಾ ಇಲ್ಲಿ ನಿಲ್ಲದೆ ಮುಂದೆ ಓಡುತ್ತದೆ. ನಾವು ಮಾತ್ರ ಇಲ್ಲೇ ನಿಂತೆವು. ಸ್ವಲ್ಪ ಹೊತ್ತಿಗೆ ಅದೇ ಹುಡುಗಿ ಮಣಿ ಇರುವ ಜಾಗ ತಿಳಿದುಕೊಂಡು ತನ್ನವರಿಗೆ ಸನ್ನೆ ಮಾಡುತ್ತಾಳೆ. ಎಲ್ಲರೂ ಕೈ ಹಾಕಿ ಎಳೆದಾಡುವಾಗ ಮಣಿ ಬಿದ್ದು ಐದು ಚೂರಾಗುತ್ತದೆ, ಡ್ರೂನ್ ಮರಳಿ ಬರುತ್ತದೆ, ಬೆಂಜಾ ಮಗಳನ್ನು ನದಿಗೆ ತಳ್ಳಿ ಉಳಿಸಿ ತಾನು ಕಲ್ಲಾಗುತ್ತಾನೆ. ಇಷ್ಟೆಲ್ಲ ಆದರೂ ನಮಾರಿಯನ್ನು ಕಳ್ಳಿ ಅನ್ನಲು ನಮಗೆ ಬಾಯಿ ಬರುವುದಿಲ್ಲ, ಆ ಅನ್ನದ ಮಾತು ಅಡ್ಡ ಬರುತ್ತದೆ.

ಆರು ವರ್ಷದ ನಂತರ ರಾಯಾ ಚೂರುಗಳನ್ನು ಹುಡುಕಿಕೊಂಡು ಹೊರಟಿದ್ದಾಳೆ, ನಮಾರಿ ಅವಳ ಬೆನ್ನು ಹತ್ತಿದ್ದಾಳೆ. ಇಲ್ಲಿಂದ ಸಿನಿಮಾ ಪೂರ್ತಿ ನಂಬಿಕೆಯದೇ ಮಾತು. ಕನ್ನಡದಲ್ಲಿ ನೋಡಿದರೆ ಇದರ ಗಂಟು ಚೆನ್ನಾಗಿ ಕಾಣುತ್ತದೆ. ದೇವರ ಮೇಲಿನದೂ ನಂಬಿಕೆ, ಪಕ್ಕದ ಮನೆಯವನಿಗೆ ಕೈಗಡ ಕೊಡುವಾಗಿನದೂ ನಂಬಿಕೆ. ಒಂದೇ ಪದ ಇರುವುದರಿಂದ ಒಂದಿದ್ದವರಲ್ಲಿ ಇನ್ನೊಂದೂ ಇರುತ್ತದೆ ಅಂದುಕೊಳ್ಳುತ್ತೇವೆ. ನಮಾರಿಗೆ ಮೊದಲನೆಯದು ಚಿಕ್ಕಂದಿನಿಂದಲೂ ಇತ್ತು. ಎರಡನೆಯದನ್ನು ಯಾರೂ ಕಲಿಸಲಿಲ್ಲ.

ಬೆನ್ನು ಸೀಮೆಯ ಹಿಮದಲ್ಲಿ ಅವಳು ರಾಯಾಳನ್ನು ಕೆಡವಿರುತ್ತಾಳೆ. ಆಗ ಮನುಷ್ಯ ವೇಷದಲ್ಲಿದ್ದ ಸಿಸು ನಿಜರೂಪಕ್ಕೆ ಬಂದು ಎದುರು ನಿಲ್ಲುತ್ತದೆ. ನಮಾರಿಯ ಕೈಯಲ್ಲಿ ಕತ್ತಿ ಇದೆ, ಹಿಂದೆ ದಂಡು ಇದೆ, ಆದರೂ ಕಾಲು ಕೀಳಲಾಗದೆ ನಿಂತುಬಿಡುತ್ತಾಳೆ. ಹುಟ್ಟಿದಾಗಿನಿಂದ ಚಿತ್ರದಲ್ಲಿ ನೋಡಿ ಕೈ ಮುಗಿದದ್ದು ಕಣ್ಣೆದುರು ಬಂದಿದೆ, ಅದೂ ವೈರಿಯ ಕಡೆಯಿಂದ. ಊರಿಗೆ ಹೋಗಿ ತಾಯಿಗೆ ಹೇಳುತ್ತಾಳೆ. ವಿರಾನಾ ಕೂಗಾಡುವುದಿಲ್ಲ. ಡ್ರ್ಯಾಗನ್‌ಗಳು ಬಂದು ಎಲ್ಲ ಸರಿಯಾದರೆ ಜನ ನಮ್ಮನ್ನು ಬಿಡುತ್ತಾರಾ, ಇಷ್ಟಕ್ಕೆಲ್ಲ ಕಾರಣ ನೀವೇ ಅನ್ನುತ್ತಾರೆ, ಎಂದು ಲೆಕ್ಕ ಒಪ್ಪಿಸುತ್ತಾಳೆ. ಲೆಕ್ಕ ತಪ್ಪಿಲ್ಲ. ಅದೇ ಕಷ್ಟ. ಕೆರೆ ನೀರಿನದೋ ಗಡಿ ಕಲ್ಲಿನದೋ ಜಗಳಕ್ಕೆ ಶಾಂತಿ ಸಭೆ ಸೇರಿದಾಗ ಮೂಲೆಯಲ್ಲಿ ಕೂತು ನೋಟ್ ಮಾಡಿಕೊಳ್ಳುವ ನಮ್ಮಂಥವರಿಗೆ ಈ ದನಿ ಚೆನ್ನಾಗಿ ಗೊತ್ತು. ಕೂಗಾಡುವವರು ಸಂಜೆಗೆ ಸುಸ್ತಾಗುತ್ತಾರೆ. ‘ನಾಳೆ ಅವರು ಏನು ಮಾಡಬಹುದು’ ಎಂದು ತಣ್ಣಗೆ ಹೇಳುವ ಹಿರಿಯರ ಮಾತೇ ಹುಡುಗರನ್ನು ಕೆಡಿಸುವುದು.

ಆಮೇಲಿನದು ಸಿನಿಮಾದ ಅತ್ಯುತ್ತಮ ದೃಶ್ಯ. ನಮಾರಿಯ ಕೈಯಲ್ಲಿ ಟ್ರಿಗರ್ ಒತ್ತಿದರೆ ಬಾಣ ಹಾರುವ ಬಿಲ್ಲು, ಗುರಿ ಸಿಸು. ನೀನು ಯಾರನ್ನೂ ನೋಯಿಸುವವಳಲ್ಲ ಎನ್ನುತ್ತಾ ಸಿಸು ಹತ್ತಿರ ಹತ್ತಿರ ಬರುತ್ತದೆ. ನಮಾರಿಯ ಕಣ್ಣು ತುಂಬಿದೆ, ಬೆರಳು ಟ್ರಿಗರ್ ಮೇಲೆ ಅಲುಗುತ್ತಿದೆ. ಅದನ್ನು ಕಂಡ ರಾಯಾ ತಡೆಯಲಾರದೆ ಕತ್ತಿ ಬೀಸುತ್ತಾಳೆ, ಬಾಣ ಹಾರಿಬಿಡುತ್ತದೆ, ಸಿಸು ನೀರಿಗೆ ಬೀಳುತ್ತದೆ. ರಾಯಾ ಬೀಸದಿದ್ದರೆ ನಮಾರಿ ಒತ್ತುತ್ತಿದ್ದಳಾ, ಇಳಿಸುತ್ತಿದ್ದಳಾ? ಸಿನಿಮಾ ಹೇಳುವುದಿಲ್ಲ. ಇಳಿಸುತ್ತಿದ್ದಳು ಅನ್ನುವುದು ನಮ್ಮ ಪಕ್ಷ. ನಿಮ್ಮದು ಬೇರೆ ಇದ್ದರೆ ಜಗಳವಿಲ್ಲ. ಆಮೇಲೆ ಕಾದಾಟದಲ್ಲಿ ನಮಾರಿ, ಸಿಸು ಸತ್ತಿದ್ದರಲ್ಲಿ ನನ್ನಷ್ಟೇ ಪಾಲು ನಿನ್ನದೂ ಇದೆ ಎಂದು ರಾಯಾಳ ಮುಖಕ್ಕೇ ಹೇಳುತ್ತಾಳೆ. ಮೊದಲು ದ್ರೋಹ ಮಾಡಿದವಳ ಬಾಯಲ್ಲಿ ಈ ಮಾತು ಉರಿಸುತ್ತದೆ, ಆದರೂ ಪೂರ್ತಿ ಸುಳ್ಳು ಎನ್ನಲಾಗದು. ಬಯಲಾಟದಲ್ಲಿ ಕೌರವನ ಪಾತ್ರಕ್ಕೆ ಮರುಗಿದ ನಮ್ಮ ಜನಕ್ಕೆ ಇಂಥ ಮನಸ್ಸು ಹೊಸದೇನಲ್ಲ.

ಕೊನೆಯಲ್ಲಿ ಸುತ್ತ ಡ್ರೂನ್, ಚೂರುಗಳ ಬೆಳಕು ಆರುತ್ತಾ ಬರುತ್ತಿದೆ. ರಾಯಾ ತನ್ನ ಚೂರನ್ನು ನಮಾರಿಯ ಕೈಗಿಟ್ಟು ಕಲ್ಲಾಗುತ್ತಾಳೆ. ಜೊತೆಯವರೂ ಒಬ್ಬೊಬ್ಬರಾಗಿ ಹಾಗೇ ಮಾಡುತ್ತಾರೆ. ಐದೂ ಚೂರು ಈಗ ನಮಾರಿಯ ಹತ್ತಿರ, ನೋಡುವವರು ಯಾರೂ ಇಲ್ಲ. ಅವಳು ಓಡಿಹೋಗುವ ದಾರಿಯ ಕಡೆ ನೋಡುತ್ತಾಳೆ. ನೋಡಲೇಬೇಕಿತ್ತು, ಇಲ್ಲದಿದ್ದರೆ ಅದು ನಾಟಕ. ಆಮೇಲೆ ತಿರುಗಿ ಬಂದು ಚೂರುಗಳನ್ನು ಜೋಡಿಸಿ, ಕಲ್ಲಾದ ರಾಯಾಳ ಹೆಗಲ ಮೇಲೆ ಕೈಯಿಟ್ಟು ತಾನೂ ಕಲ್ಲಾಗುತ್ತಾಳೆ. ಮಣಿ ಕೂಡಿಕೊಳ್ಳುತ್ತದೆ, ಮಳೆ ಬರುತ್ತದೆ, ಕಲ್ಲಾದವರೆಲ್ಲ ಏಳುತ್ತಾರೆ, ಸಿಸು ಕೂಡ.

ನಮ್ಮ ತಕರಾರು ಇರುವುದು ಈ ಮಳೆ ಬಂದ ಮೇಲೆ. ನಂಬಿ ಕೆಟ್ಟವಳೇ ಮತ್ತೊಮ್ಮೆ ಮೊದಲು ನಂಬಬೇಕು ಅನ್ನುವುದು ಎಷ್ಟು ಸರಿ? ಊರಿನ ಪಂಚಾಯ್ತಿಗಳಲ್ಲೂ ‘ನೀವೇ ಸ್ವಲ್ಪ ದೊಡ್ಡ ಮನಸ್ಸು ಮಾಡಿ’ ಎಂದು ಹೇಳಿಸಿಕೊಳ್ಳುವವರು ಯಾವಾಗಲೂ ಏಟು ತಿಂದ ಕಡೆಯವರೇ. ರಾಯಾ ಆ ಗಳಿಗೆಯಲ್ಲಿ ಮಾಡಿದ್ದು ಸರಿ, ಬೇರೆ ದಾರಿ ಇರಲಿಲ್ಲ. ಆದರೆ ಎಲ್ಲರೂ ಎದ್ದು ತಬ್ಬಿಕೊಂಡ ಮೇಲೆ ಸಿನಿಮಾ ಸರಸರನೆ ಮುಗಿದುಹೋಗುತ್ತದೆ. ಆರು ವರ್ಷ ಕಲ್ಲಾಗಿದ್ದ ಬೆಂಜಾನ ಮುಂದೆ ಕೂತು, ಅಂದು ಸನ್ನೆ ಮಾಡಿದ ಹುಡುಗಿ ನಾನೇ ಎಂದು ನಮಾರಿ ಬಾಯಿಬಿಟ್ಟು ಹೇಳುವ ಒಂದೆರಡು ನಿಮಿಷ ಬೇಕಿತ್ತು. ಮತ್ತೆ ಆ ಊಟದ ಮನೆಯಲ್ಲೇ, ಅನ್ನದ ತಟ್ಟೆ ಮುಂದಿಟ್ಟುಕೊಂಡು.