ನಮ್ಮ ಪಾಲಿನ ಲೋಟ

ನಮ್ಮ ಮಲೆನಾಡಿನ ಕಡೆ ಮನೆಗೆ ಬಂದವರಿಗೆ ಮೊದಲು ಕೈಕಾಲು ತೊಳೆಯಲು ನೀರು, ಆಮೇಲೆ ಒಂದು ಚೂರು ಬೆಲ್ಲ, ಒಂದು ಚೊಂಬು ಕುಡಿಯುವ ನೀರು. ಅದಾದ ಮೇಲೆ 'ಆಸರಿಗೆ ಏನು ಬೇಕು?' ಎಂಬ ಪ್ರಶ್ನೆ. ಮಜ್ಜಿಗೆಯೋ, ಮುರುಗಲ ಹಣ್ಣಿನ ಪಾನಕವೋ, ಕಾಫಿಯೋ, ಬಂದವರು ಹೇಳಿದ್ದು ಬರುತ್ತದೆ. ಸಕ್ಕರೆ ಕಾಯಿಲೆಯವರಿದ್ದರೆ ಅವರ ಲೋಟ ಬೇರೆ. ಇದನ್ನು ನನಗೆ ಬಿ.ಎಡ್. ತರಗತಿಯಲ್ಲಿ ಯಾರೂ ಕಲಿಸಲಿಲ್ಲ. ಅಮ್ಮ ಮಾಡುತ್ತಿದ್ದುದನ್ನು ನೋಡಿ ಕಲಿತೆ. ಮನೆಯಲ್ಲಿ ಇಷ್ಟು ಚೆನ್ನಾಗಿ ಬಲ್ಲ ನಾವು, ಜೊತೆಗೆ ಕೆಲಸ ಮಾಡುವವರ ಸಂತೋಷಕೂಟಕ್ಕೆ ಕಾಲಿಟ್ಟ ಕೂಡಲೇ ಇದನ್ನೆಲ್ಲ ಮರೆತುಬಿಡುವುದು ಹೇಗೆ ಎಂಬುದು ನನ್ನ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರು ನಿವೃತ್ತರಾದರು. ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಶಾಲು, ಹಾರ, ಹಣ್ಣಿನ ತಟ್ಟೆ, ಭಾಷಣ ಎಲ್ಲ ಕ್ರಮವಾಗಿ ನಡೆಯಿತು. ಸಂಜೆಗೆ ಊರಾಚೆಯ ಒಂದು ಹೋಟೆಲಿನ ತೋಟದಲ್ಲಿ ಸಿಬ್ಬಂದಿಯ ಊಟ. ತಲೆಗೆ 800 ರೂಪಾಯಿ ವಂತಿಗೆ. ಗಂಡಸರು, ಹೆಂಗಸರು ಎಂಬ ಭೇದವಿಲ್ಲದೆ ಎಲ್ಲರೂ ಕೊಟ್ಟೆವು. ಭೇದ ಕಂಡದ್ದು ಲೋಟ ಬಂದಾಗ. ಆ ಕಡೆಯ ಮೇಜಿಗೆ ಬಾಟಲಿಗಳು, ಸೋಡಾ, ಐಸು, ಹುರಿದ ಗೋಡಂಬಿ, ಗಾಜಿನ ಲೋಟ. ನಾವು ಆರು ಜನ ಹೆಂಗಸರು ಕುಳಿತ ಮೇಜಿಗೆ ಬೆಚ್ಚಗಾದ ಎರಡು ದೊಡ್ಡ ಬಾಟಲಿ ಬಣ್ಣದ ಪಾನೀಯ, ಪ್ಲಾಸ್ಟಿಕ್ ಲೋಟ. ನಮ್ಮಲ್ಲಿ ಇಬ್ಬರಿಗೆ ಸಕ್ಕರೆ ಕಾಯಿಲೆ. ಸಾಮಾನ್ಯ ಕೋಲಾದ 300 ಮಿಲಿಲೀಟರಿನಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಅವರು ಕುಡಿಯುವುದು ಹೇಗೆ? ಸಕ್ಕರೆ ಹಾಕದ ನಿಂಬೆಹಣ್ಣಿನ ಸೋಡಾ ಕೇಳಿದೆ. ಮಾಣಿ, "ಅದು ಆರ್ಡರಿನಲ್ಲಿ ಇಲ್ಲ ಮೇಡಂ" ಎಂದ. ಪಕ್ಕದ ಮೇಜಿನಿಂದ ಸಹೋದ್ಯೋಗಿಯೊಬ್ಬರು, "ನಿಮಗೆ ಕೂಲ್‌ಡ್ರಿಂಕ್ಸ್ ತರಿಸಿದ್ದೇವಲ್ಲ ಮೇಡಂ, ಇನ್ನೇನು ಬೇಕು?" ಎಂದು ನಕ್ಕರು.

ಇನ್ನೇನು ಬೇಕು ಎಂಬುದನ್ನು ಅಂದು ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಕುಡಿಯದವರು ಎಲ್ಲೋ ನಾಲ್ಕು ಜನ, ಅವರಿಗೋಸ್ಕರ ಅಷ್ಟೆಲ್ಲ ಏರ್ಪಾಟು ಯಾಕೆ ಎನ್ನುವ ಮಾತಿದೆ. ಲೆಕ್ಕ ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಮದ್ಯ ಕುಡಿಯುವವರು ನೂರಕ್ಕೆ ಸುಮಾರು 19, ಹೆಂಗಸರಲ್ಲಿ ಸುಮಾರು 1. ಅಂದರೆ ಗಂಡಸರಲ್ಲಿಯೂ ಐವರಲ್ಲಿ ನಾಲ್ವರು ಕುಡಿಯುವುದಿಲ್ಲ. ಹೆಚ್ಚು ಜನರಿಗೆ ಬೆಚ್ಚಗಿನ ಕೋಲಾ, ಕಡಿಮೆ ಜನರಿಗೆ ಎಲ್ಲರ ವಂತಿಗೆಯ ಬಾಟಲಿ! ಇದು ಯಾವ ಊರಿನ ಗಣಿತವೋ ನಮ್ಮ ಗಣಿತದ ಮೇಷ್ಟರೇ ಹೇಳಬೇಕು. ಪಾಪ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಆ ಹುಡುಗನೂ ಕುಡಿಯುವವನಲ್ಲ. "ಏನೋ, ಅಮ್ಮ ಬೈತಾರಾ?" ಎಂಬ ಮಾತು ಕೇಳಲಾರದೆ ಊಟದ ತನಕ ಹೊರಗೆ ಬೈಕಿನ ಹತ್ತಿರ ನಿಂತಿದ್ದ.

ಬೇಡದವರು ಬರಬೇಡಿ ಎನ್ನುವವರೂ ಇದ್ದಾರೆ. ಅಂಥ ಕೂಟಗಳಲ್ಲಿ ಬರೀ ಊಟ ನಡೆಯುತ್ತದೆಯೇ? ಆ ರಾತ್ರಿ ಎಂಟು ಗಂಟೆಗೆ ನಾವು ಎದ್ದು ಬಂದೆವು. ಮರುದಿನ ಬೆಳಿಗ್ಗೆ ನೋಡಿದರೆ ಶಾಲೆಯ ಪ್ರವಾಸ ಎಲ್ಲಿಗೆ, ಮಕ್ಕಳ ಜೊತೆ ಯಾರು ಹೋಗಬೇಕು ಎಂಬುದೆಲ್ಲ ತೀರ್ಮಾನವಾಗಿತ್ತು. "ನಿನ್ನೆ ಮಾತಾಡಿದ್ವಲ್ಲ ಮೇಡಂ" ಎಂದರು. ನಾವು ಆರು ಜನ ಮುಖ ಮುಖ ನೋಡಿಕೊಂಡೆವು.

ಕುಡಿಯುವುದಿಲ್ಲ ಎನ್ನುವವರೆಲ್ಲ ಮಡಿವಂತರು ಎಂದು ತಿಳಿಯುವುದೂ ತಪ್ಪು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ನನ್ನ ಅಕ್ಕನ ಮಗಳು ಪಾರ್ಟಿಗಳಲ್ಲಿ ಒಂದು ಲೋಟ ಬಿಯರ್ ಕುಡಿಯುತ್ತಿದ್ದವಳೇ. ಒಂದು ವರ್ಷಾಂತ್ಯದ ಪಾರ್ಟಿಯ ಹೊತ್ತಿಗೆ ಅವಳಿಗೆ ಎರಡು ತಿಂಗಳು. ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ. ಖಾಲಿ ಕೈಯಲ್ಲಿ ನಿಂತವಳನ್ನು ಮೂವರು "ಇವತ್ತು ಯಾಕೆ ಬೇಡ?" ಎಂದು ಕೇಳಿದರಂತೆ. ನಾಲ್ಕನೆಯವರು ಎಲ್ಲರೆದುರು ಗಟ್ಟಿಯಾಗಿ ಊಹೆಯನ್ನೇ ಹೇಳಿಬಿಟ್ಟರು. "ಚಿಕ್ಕಮ್ಮ, ಕೈಯಲ್ಲಿ ಒಂದು ಲೋಟ ನಿಂಬೆ ಸೋಡಾ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ" ಎಂದು ಫೋನಿನಲ್ಲಿ ಅತ್ತಳು. ಔಷಧಿ ತೆಗೆದುಕೊಳ್ಳುವವರು, ವ್ರತದವರು, ಗಾಡಿ ಓಡಿಸಬೇಕಾದವರು, ಹೀಗೆ ಬೇಡ ಎನ್ನಲು ನೂರು ಕಾರಣ. ಅವನ್ನು ವಿವರಿಸುವ ಋಣ ಯಾರಿಗೂ ಇಲ್ಲ.

ಇನ್ನೊಂದು ಸಂಗತಿ ಬರೆಯಲು ನನಗೆ ನಾಚಿಕೆ. ನಮ್ಮ ಶಾಲೆಯ ಅಟೆಂಡರ್ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದು ಎರಡು ವರ್ಷ ಒಂದು ಹನಿ ಮುಟ್ಟಿರಲಿಲ್ಲ. ಆ ಸಂಜೆ ಬಾಟಲಿ ತರುವ, ಐಸು ಹಾಕುವ ಕೆಲಸವನ್ನು ಅವನಿಗೇ ಹಚ್ಚಿದ್ದರು. "ಸಾಹೇಬರ ಕೊನೆಯ ದಿನ, ಒಂದೇ ಒಂದು" ಎಂದು ಯಾರೋ ಅವನ ಕೈಗೆ ಲೋಟ ಕೊಟ್ಟರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಹದಿನೈದು ದಿನದ ಮೇಲೆ ಅವನ ಹೆಂಡತಿ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, "ಅಕ್ಕೋರೆ, ನೀವೂ ಅಲ್ಲೇ ಇದ್ರಂತಲ್ಲ?" ಎಂದಳು. ಇದ್ದೆ. ನೋಡಿದೆ. ಸುಮ್ಮನಿದ್ದೆ. ಒಂದು ಲೋಟ ಪಾನಕ ಅವನನ್ನು ಉಳಿಸುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಬೇಡ ಎನ್ನುವುದಕ್ಕೆ ಅವನಿಗೆ ಅಷ್ಟು ಆಸರೆಯನ್ನೂ ನಾವು ಕೊಟ್ಟಿರಲಿಲ್ಲ.

2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಾಗ ಮೆಚ್ಚಿ ಮಾತಾಡಿದವರಲ್ಲಿ ನಾವು ಮೇಷ್ಟರುಗಳೂ ಇದ್ದೆವು. ಕೂಲಿಯವನ ಪ್ಯಾಕೆಟ್ಟಿಗೆ ಬುದ್ಧಿ ಹೇಳುವ ನಾಲಿಗೆ ವಿದ್ಯಾವಂತರ ಬಾಟಲಿಯ ಮುಂದೆ ಯಾಕೆ ಕಟ್ಟಿಹೋಗುತ್ತದೆ? ಮದ್ಯದಲ್ಲಿ ಆರೋಗ್ಯಕ್ಕೆ ಸುರಕ್ಷಿತವೆನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಕುಡಿದು ಗಾಡಿ ಓಡಿಸುವವರ 100 ಮಿಲಿಲೀಟರ್ ರಕ್ತದಲ್ಲಿ ಮದ್ಯದ ಅಂಶ 30 ಮಿಲಿಗ್ರಾಂ ದಾಟಿದರೆ ಅಪರಾಧ ಎನ್ನುತ್ತದೆ ಕಾನೂನು. ಆ ರಾತ್ರಿ ತೋಟದ ಹೊರಗೆ ನಿಂತಿದ್ದ ಬೈಕುಗಳನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಕುಡಿಯುವವರ ಲೋಟ ಕಸಿಯಿರಿ ಎಂದು ನಾನು ಹೇಳುತ್ತಿಲ್ಲ. ಶಾಲೆಯ ಹೆಸರಿನ ಕೂಟದಲ್ಲಿ ಮದ್ಯವೇ ಬೇಡ ಎಂಬುದು ನನ್ನ ಮತ. ಇರಲೇಬೇಕು ಎನ್ನುವ ಕಚೇರಿಗಳಿದ್ದರೆ ಅದರ ಖರ್ಚು ಕುಡಿಯುವವರದಾಗಲಿ. ಎಲ್ಲರ ವಂತಿಗೆಯಲ್ಲಿ ಎಲ್ಲರೂ ಕುಡಿಯುವಂಥದ್ದು ಮೊದಲು ಬರಲಿ, ಅದೇ ಗಾಜಿನ ಲೋಟದಲ್ಲಿ ಬರಲಿ. ಮುರುಗಲ ಪಾನಕ, ಒಗ್ಗರಣೆ ಹಾಕಿದ ಮಜ್ಜಿಗೆ, ಸಕ್ಕರೆಯಿಲ್ಲದ ನಿಂಬೆ ಸೋಡಾ, ಎಳನೀರು, ಬಿಸಿ ಕಾಫಿ, ಇವುಗಳಲ್ಲಿ ಎರಡು ಮೂರಾದರೂ ಇರಲಿ. 'ಯಾಕೆ ಬೇಡ?' ಎಂಬ ಪ್ರಶ್ನೆ ಯಾರ ಬಾಯಿಂದಲೂ ಬಾರದಿರಲಿ.

ಗೆಳತಿಯರೇ, ವಂತಿಗೆಯ ಪಟ್ಟಿ ಹಿಡಿದು ಯಾರಾದರೂ ನಿಮ್ಮ ಮೇಜಿಗೆ ಬಂದಾಗ ಹಣ ಕೊಡುವ ಮೊದಲು ಒಂದು ಮಾತು ಕೇಳಿ: ಕುಡಿಯುವುದಕ್ಕೆ ಏನೇನು ತರಿಸುತ್ತೀರಿ? ನಾನು ಈಗ ಕೇಳುತ್ತೇನೆ. ಮೊದಲ ಸಲ ಸ್ಟಾಫ್‌ರೂಮಿನಲ್ಲಿ ಎಲ್ಲರೂ ತಲೆ ಎತ್ತಿ ನೋಡಿದರು. ಎರಡನೆಯ ಸಲ ಪಟ್ಟಿ ತಂದವರೇ ಪೆನ್ನು ತೆಗೆದು, "ಹೇಳಿ ಮೇಡಂ, ಏನು ಬರೆಯಲಿ?" ಎಂದರು.

ಇನ್ನು ನಾಲ್ಕು ವರ್ಷಕ್ಕೆ ನನ್ನ ನಿವೃತ್ತಿ. ಶಾಲು, ಹಾರ ಅವರಿಷ್ಟ. ಮುರುಗಲ ಹಣ್ಣನ್ನು ಮಾತ್ರ ನಾನೇ ಮನೆಯಿಂದ ತರುತ್ತೇನೆ. ಮೊದಲ ಲೋಟ ಅಟೆಂಡರಿಗೆ.