ಎಲ್ಲಾ ನೋವೂ ಉಳುಕಲ್ಲ ಸ್ವಾಮಿ!

ನಾಟಿ ವೈದ್ಯರ ಬಗ್ಗೆ ಬರೆಯೋಕೆ ಕೂತರೆ ನಮ್ಮ ಬ್ಲಾಗಿಗರಿಗೆ ಎಲ್ಲಿಲ್ಲದ ಉಮೇದು. 'ಅಜ್ಜ ಒಂದು ಸಲ ಎಳೆದ, ಉಳುಕು ಮಾಯ!' ಅಂತ ಮುಗಿಸಿಬಿಡ್ತಾರೆ. ಮಾಯ ಆಗದೇ ಹೋದ ಹುಡುಗರ ಕಥೆ ಮಾತ್ರ ಯಾರೂ ಬರೆಯಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ... ಈ ಕಡೆ ಯಾವ ಮೈದಾನಕ್ಕಾದರೂ ಹೋಗಿ. ಹೈಸ್ಕೂಲ್ ಹುಡುಗನೊಬ್ಬ ಫುಟ್‌ಬಾಲ್ ಒದ್ದು ತೊಡೆಸಂದು ಹಿಡ್ಕೊಂಡು ಕೂತ ಅಂದ್ರೆ ತೀರ್ಪು ರೆಡಿ: "ಉಳುಕೈತಿ, ಎಣ್ಣಿ ಹಚ್ಚಿ ತಿಕ್ಕಿಸ್ಕೊ."

ಎಣ್ಣೆ ತಿಕ್ಕೋದನ್ನ ನಾನು ಹೀಯಾಳಿಸ್ತಿಲ್ಲ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯಿಂದ ನಡೆದು ಬಂದವರ ಕಾಲಿಗೆ ಅದೇ ಸುಖ. ಆದರೆ ಹದಿನಾಲ್ಕರ ಹುಡುಗನ ಸೊಂಟದ ಲೆಕ್ಕವೇ ಬೇರೆ. ದೊಡ್ಡವರು ಜೋರಾಗಿ ಒದ್ದಾಗ ಹರಿಯೋದು ಸಾಮಾನ್ಯವಾಗಿ ಸ್ನಾಯು. ಬೆಳೆಯೋ ಹುಡುಗರಲ್ಲಿ ಸ್ನಾಯು ಗಟ್ಟಿ, ಅದು ಅಂಟಿಕೊಂಡಿರೋ ಎಲುಬಿನ ತುದಿ ಇನ್ನೂ ಮೆತ್ತಗೆ. ಹಾಗಾಗಿ ಬಾಲ್ ಒದ್ದಾಗಲೋ ದಿಢೀರ್ ಅಂತ ಓಡಿದಾಗಲೋ 'ಟಪ್' ಅಂದ ಹಾಗಾಗಿ ಎಲುಬಿನ ಚೂರೇ ಕಿತ್ತು ಬರಬಹುದು. ಅದಕ್ಕೆ ಬೇಕಾಗಿರೋದು ಒಂದು ಎಕ್ಸ್‌ರೇ, ಊರುಗೋಲು, ಕೆಲವು ವಾರ ವಿಶ್ರಾಂತಿ. ಹೆಚ್ಚಿನವು ಆಪರೇಷನ್ ಇಲ್ಲದೇ ಕೂಡಿಕೊಳ್ಳುತ್ತವೆ. ಅದನ್ನೇ ಹಿಡಿದು ಎಳೆದು ತಿಕ್ಕಿದರೆ? ನೀವೇ ಹೇಳಿ.

ಇನ್ನೊಂದಿದೆ, ಅದು ಕಳ್ಳ ಕಾಯಿಲೆ. ತೊಡೆ ಮೂಳೆಯ ಮೇಲಿನ ಗುಂಡು, ಮೂಳೆ ಬೆಳೆಯೋ ಜಾಗದಲ್ಲೇ ಮೆಲ್ಲಗೆ ಜಾರುತ್ತೆ. ಹತ್ತರಿಂದ ಹದಿನಾರರ ಒಳಗಿನವರಲ್ಲಿ, ಅದರಲ್ಲೂ ಮೈಭಾರ ಇರೋ ಮಕ್ಕಳಲ್ಲಿ ಜಾಸ್ತಿ. ಇದಕ್ಕೆ ಆಟವೇ ಕಾರಣ ಆಗಬೇಕಿಲ್ಲ, ಆದರೆ ಆಡುವಾಗ ಶುರುವಾದ ನೋವು ಅಂತ ಆಟದ ಲೆಕ್ಕಕ್ಕೇ ಬರೆದುಬಿಡ್ತಾರೆ. ತಮಾಷೆ ಅಂದ್ರೆ ಜಾರಿದ್ದು ಸೊಂಟದಲ್ಲಿ, ನೋವು ಎಷ್ಟೋ ಸಲ ಮೊಣಕಾಲಲ್ಲಿ! ಹುಡುಗ ಪಾದ ಹೊರಗೆ ತಿರುಗಿಸಿಕೊಂಡು ಕುಂಟ್ತಾನೆ, ಮನೆಯವರು ಮೊಣಕಾಲಿಗೆ ಪಟ್ಟು ಹಾಕಿಸ್ತಾರೆ, ಗುಂಡು ಇನ್ನಷ್ಟು ಜಾರುತ್ತೆ. ಬೇಗ ಗೊತ್ತಾದರೆ ಒಂದು ಸ್ಕ್ರೂ ಹಾಕಿ ನಿಲ್ಲಿಸಬಹುದು. ತಡವಾದರೆ ಗುಂಡಿಗೆ ಹೋಗೋ ರಕ್ತವೇ ನಿಂತು ಮೂಳೆ ಸಾಯೋ ಅಪಾಯ ಇದೆ. ಹೊಲ, ಗೌಂಡಿ ಕೆಲಸ, ಪೊಲೀಸ್ ಸೆಲೆಕ್ಷನ್ನು ಅಂತ ಮೈಯನ್ನೇ ನಂಬಿದ ಮನೆಗಳಲ್ಲಿ ಹುಡುಗನ ಸೊಂಟ ಹೋಯ್ತು ಅಂದ್ರೆ ಏನು ಅಂತ ವಿವರಿಸಬೇಕಾ?

"ನಮ್ಮಂಥ ಊರಲ್ಲಿ ಫಿಸಿಯೋ ಎಲ್ಲಿಂದ ತರೋಣ ಬಿಡ್ರೀ" ಅನ್ನೋದು ಮುಂದಿನ ಮಾತು. ನಿಜ. ಕೂಡ್ಲಿಗಿಯಿಂದ ಸಂಡೂರು ದಾಟಿದರೆ ತೋರಣಗಲ್ಲು ಸಿಗುತ್ತೆ. 2018ರಲ್ಲಿ ಜೆಎಸ್‌ಡಬ್ಲ್ಯುನವರ ಕ್ರೀಡಾ ಸಂಸ್ಥೆ ಶುರುವಾಗಿದ್ದು ಅಲ್ಲೇ. ಕ್ರೀಡಾ ವಿಜ್ಞಾನ, ಫಿಸಿಯೋಥೆರಪಿ ಎಲ್ಲಾ ಆ ಬೇಲಿಯೊಳಗಿದೆ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಬರಿಗಾಲಲ್ಲಿ ಬರೋ ಹುಡುಗನಿಗೆ ಅದು ದೂರದ ಊರೇ.

ಆದರೆ ಎಲ್ಲದಕ್ಕೂ ದುಡ್ಡೇ ಬೇಕಾ? 2019ರಲ್ಲಿ ನಾರ್ವೆಯ ಅರೆವೃತ್ತಿಪರ ಫುಟ್‌ಬಾಲ್ ತಂಡಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ಒಂದೇ ಒಂದು ವ್ಯಾಯಾಮ ಮಾಡಿಸಿದ್ದಕ್ಕೆ ತೊಡೆಸಂದಿನ ತೊಂದರೆ ಬರೋ ಸಂಭವ 41% ಕಮ್ಮಿ. ಯಂತ್ರವಿಲ್ಲ, ಜಿಮ್ ಇಲ್ಲ. ಒಬ್ಬ ಪಕ್ಕಕ್ಕೆ ತಿರುಗಿ ಮೊಣಕೈ ಊರಿ ಮಲಗಬೇಕು. ಜೊತೆಗಾರ ಅವನ ಮೇಲಿನ ಕಾಲನ್ನ ತನ್ನ ಸೊಂಟದ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ಮಲಗಿದವ ಸೊಂಟ ಎತ್ತಿ, ಕೆಳಗಿನ ಕಾಲನ್ನ ಮೇಲಿನದಕ್ಕೆ ತಾಗಿಸಿ ನಿಧಾನಕ್ಕೆ ಇಳಿಸಬೇಕು. ಅಷ್ಟೇ! ಹೊಸಬರಿಗೆ ಪಾದದ ಬದಲು ಮೊಣಕಾಲ ಹತ್ತಿರ ಹಿಡಿದರೆ ಹಗುರ. ಅಲ್ಲಿ ಆಡಿದವರು ದೊಡ್ಡವರು, ನಮ್ಮ ಮಕ್ಕಳಿಗೂ ಅದೇ 41 ಅಂತ ನಾನು ಹೇಳಲ್ಲ. ಆದರೆ ಇದನ್ನ ಮಾಡಿಸೋಕೆ ಪಿ.ಇ. ಮೇಷ್ಟ್ರಿಗೆ ಯಾವ ಅನುದಾನ ಬರಬೇಕು? ಕ್ರೀಡಾಕೂಟದ ಉದ್ಘಾಟನೆಗೆ ಹಾರ, ಶಾಲು, ಪೇಟ ಎಲ್ಲಾ ಹೊಂದಿಸ್ತೀವಿ, ಭಾಷಣಕ್ಕೆ ಎರಡು ಗಂಟೆ ಕೊಡ್ತೀವಿ. ಮೈ ಬಿಸಿ ಮಾಡೋಕೆ ಹತ್ತು ನಿಮಿಷ ಇಲ್ಲ.

ಉಳುಕು ತೆಗೆಯೋ ಅಜ್ಜನ ಬಗ್ಗೆ ಮುಂದಿನ ಸಲ ಬರೆಯೋರು ದಯವಿಟ್ಟು ನಾಲ್ಕು ಸಾಲು ಸೇರಿಸಿ. ಕಾಲೂರಕ್ಕಾಗದಿದ್ದರೆ, 'ಟಪ್' ಅಂದಿದ್ದರೆ, ಪಾದ ಹೊರಗೆ ತಿರುಗಿದ್ದರೆ, ಕುಂಟೋದು ವಾರವಾದರೂ ನಿಲ್ಲದಿದ್ದರೆ ಮೊದಲು ಎಕ್ಸ್‌ರೇ. ಮೊಣಕಾಲು ನೋವು ಅಂದರೂ ಸೊಂಟದ್ದೂ ತೆಗೆಸಬೇಕು. ಅಜ್ಜನ ಹತ್ರ ಆಮೇಲೆ ಹೋಗಲಿ.